ಆ ಕಡೆಯವರ ಕೈ

ಏಸ್ ಲಗೇಜು ಗಾಡಿಯ ಬೆನ್ನ ಮೇಲೆ ಹಳೆಯ ಸಿಮೆಂಟ್ ಶೀಟುಗಳು ಒಂದನ್ನೊಂದು ಉಜ್ಜುತ್ತಿದ್ದವು. ಹೊನ್ನಾಳಿ ಸೇತುವೆ ದಾಟುವವರೆಗೆ ಕೊಟ್ರೇಶ್ ಮೇಷ್ಟ್ರಿಗೆ ಅದು ಬರೀ ಸದ್ದು. ದಾಟಿದ ಮೇಲೆ ಯಾರೋ ನಿದ್ದೆಯಲ್ಲಿ ಹಲ್ಲು ಕಡಿದಂತೆ ಕೇಳತೊಡಗಿತು. ಚಿಕ್ಕಂದಿನಲ್ಲಿ ಹಾಗೆ ಹಲ್ಲು ಕಡಿಯುತ್ತಿದ್ದವನು ತಾನೇ. ಹೊಟ್ಟೆಯಲ್ಲಿ ಜಂತಾಗಿದೆ ಎಂದು ಅವ್ವ ಬೇವಿನ ಚಿಗುರು ಅರೆದು ಬಾಯಿಗೆ ತುರುಕುತ್ತಿದ್ದಳು. ಪಕ್ಕದಲ್ಲಿ ಮಲಗಿದ ಅಣ್ಣ ಪಂಚಾಕ್ಷರಪ್ಪ ಮಾತ್ರ ಬೈಯುತ್ತಿರಲಿಲ್ಲ, ಕಣ್ಣೂ ಬಿಡುತ್ತಿರಲಿಲ್ಲ. ಕೈ ಚಾಚಿ ತಮ್ಮನ ದವಡೆಯ ಮೇಲೆ ಅಂಗೈ ಇಟ್ಟರೆ ಸದ್ದು ತಾನಾಗಿ ನಿಲ್ಲುತ್ತಿತ್ತು. ಅಣ್ಣ ಹೋಗಿ ಬಹಳ ವರ್ಷವಾಯಿತು. ಹಿಂದೆ ಹಲ್ಲು ಕಡಿಯುತ್ತಿರುವ ಶೀಟುಗಳು ಅವನು ತಂದವು. ಹಗ್ಗ ಬಿಗಿಯಾಗಿದೆಯೇ ಎಂದು ಮೇಷ್ಟ್ರು ಮೂರನೆಯ ಸಲವೋ ನಾಲ್ಕನೆಯ ಸಲವೋ ಕೇಳಿದಾಗ ಗಾಡಿಯ ಓಂಕಾರ್ ಸ್ಟೇರಿಂಗಿನಿಂದ ಒಂದು ಕೈ ತೆಗೆದು ಕಿವಿ ಕೆರೆದುಕೊಂಡ. ಮನೆ ರಿಪೇರಿಯ ಬಾಡಿಗೆಯಲ್ಲೇ ಅವನ ಬದುಕು ನಡೆಯುವುದು. ಮರಳು, ಜಲ್ಲಿ, ಸಿಮೆಂಟು, ಟೈಲ್ಸು ಊರೊಳಗೆ ತರುತ್ತಾನೆ, ಒಡೆದದ್ದನ್ನು ಊರ ಹೊರಗೆ ಸುರಿಯುತ್ತಾನೆ. ಹಳೆಯದನ್ನು ಹೊತ್ತುಕೊಂಡು ಜಗಳೂರಿನ ತನಕ ಹೋಗುವ ಗಿರಾಕಿ ಅವನಿಗೆ ಸಿಕ್ಕಿದ್ದು ಇದೇ ಮೊದಲು.

“ಹೆಣಾನಾದ್ರೆ ದೂರದ ಊರಿಗೆ ಒಯ್ತಾರೆ ಸಾರ್,” ಎಂದ. “ಶೀಟು ಒಯ್ಯೋರನ್ನ ನೋಡಿರಲಿಲ್ಲ.”

ಮೇಷ್ಟ್ರು ನಕ್ಕರು. ನಗಬಾರದಿತ್ತು ಎಂದು ಆಮೇಲೆ ಅನಿಸಿತು. ಹರೆಯದ ಹುಡುಗರ ಎದುರು ತಾನು ಹೀಗೇ, ಮಾತು ಎಲ್ಲಿ ತಾಗಿತು ಎಂದು ತಿಳಿಯುವ ಮೊದಲೇ ನಕ್ಕುಬಿಡುವವನು.

ಅವು ಚಾವಣಿಯ ಮೇಲಿದ್ದಿದ್ದರೆ ಇಷ್ಟು ತಾಪತ್ರಯವಿರಲಿಲ್ಲ; ಇದ್ದದ್ದು ಗೋಡೆಯ ಮೇಲೆ. ನ್ಯಾಮತಿಯಲ್ಲಿ ಅವರ ಮನೆ ಮೊದಲು ಒಂದೇ ಮನೆ. ಅಪ್ಪ ತೀರಿಕೊಂಡ ಮೇಲೆ ನಡುವೆ ಒಂದು ಮಣ್ಣಿನ ಗೋಡೆ ಎದ್ದು ಎರಡಾಯಿತು. ಪಡುವಣ ಪಾಲು ಅಣ್ಣನದು, ಮೂಡಣದ್ದು ತನ್ನದು. ಒಳಗಿರಲೆಂದು ಕಟ್ಟಿದ ಗೋಡೆ ಅದು. ಹೊರಗಿನ ಗಾಳಿ ಬಿಸಿಲು ಕಂಡದ್ದಲ್ಲ. ಅಣ್ಣನ ಪಾಲು ನೆಲಸಮವಾದ ಮೇಲೆ, ಸೀರೆ ಸೆಳೆದು ಬೀದಿಯಲ್ಲಿ ನಿಲ್ಲಿಸಿದ ಹೆಂಗಸಿನಂತೆ ಆ ಗೋಡೆ ಬೆತ್ತಲೆ ನಿಂತಿತು. ಮೊದಲ ಮಳೆಗೇ ಕರಗತೊಡಗಿತು. ಆಗ ಅದಕ್ಕೆ ಹೊದಿಸಲು ಬೇರೇನೂ ಕೈಗೆ ಸಿಗದೆ, ಅಣ್ಣನ ಹಿತ್ತಿಲ ಚಪ್ಪರಕ್ಕೆ ಹಾಕಿದ್ದ ಸಿಮೆಂಟ್ ಶೀಟುಗಳನ್ನೇ ತಂದು ಗೋಡೆಯುದ್ದಕ್ಕೂ ಮೊಳೆ ಹೊಡೆಸಿದರು. ಸದ್ಯಕ್ಕೆ ಎಂದುಕೊಂಡಿದ್ದರು. ಸದ್ಯಕ್ಕೆ ಎಂದದ್ದೇ ಹೆಚ್ಚು ಕಾಲ ಬಾಳುವುದು ಎಂಬುದು ಮನೆ ಕಟ್ಟಿದವರಿಗೆಲ್ಲ ಗೊತ್ತು. ಈಗ ಹೆಂಡತಿ ಶಿವಲೀಲಾಳ ಹಟಕ್ಕೆ ಮನೆ ಹೊಸದಾಗುತ್ತಿದೆ. ನಕ್ಷೆ ಹಾಕಿದ ಇಂಜಿನಿಯರ್ ನಾಗರಾಜ್ ಆ ಶೀಟು ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಒಡೆಯಬೇಡಿ, ನೀರು ಚಿಮುಕಿಸಿ ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿ. ಅದರೊಳಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತೆ, ಅದರ ಪುಡಿ ಒಮ್ಮೆ ಎದೆಯೊಳಗೆ ಹೋಗಿ ಕೂತರೆ ಹೊರಗೆ ಬರುವುದಿಲ್ಲ, ಎಷ್ಟೋ ವರ್ಷದ ಮೇಲೆ ರೋಗವಾಗಿ ಎದ್ದು ಕೂರುತ್ತೆ ಎಂದ. ಆಮೇಲೆ ತಾನೇ ನಾಚಿಕೊಂಡು, “ನಿಮಗೆ ಹೇಳೋದೇನೈತೆ ಸಾರ್, ವಿಜ್ಞಾನ ಪಾಠ ಮಾಡೋರು ನೀವು,” ಎಂದ. ಹೌದು, ಪಾಠ ಮಾಡಿದ್ದರು. ಮನೆಯ ಪಡುವಣ ಗೋಡೆಗೆ ಅದನ್ನೇ ಹೊದಿಸಿಟ್ಟುಕೊಂಡು, ಒಂಬತ್ತನೆಯ ತರಗತಿಯ ಕರಿಹಲಗೆಯ ಮೇಲೆ ಶ್ವಾಸಕೋಶದ ಚಿತ್ರ ಬರೆದು, ಗೆರೆ ಎಳೆದು, ಹೆಸರು ಬರೆದಿದ್ದರು.

ಬಿಚ್ಚಿದ ಶೀಟನ್ನು ಊರು ಮುಟ್ಟಲಿಲ್ಲ. ಕಸದ ಟ್ರ್ಯಾಕ್ಟರಿನವರು ಬೇಡವೆಂದರು. ಗುಜರಿಯವನು ಕಬ್ಬಿಣವಾದರೆ ಕೊಡಿ ಎಂದ. ಕೆರೆಯ ಏರಿಯ ಹಿಂದೆ ಎಲ್ಲರೂ ಸುರಿಯುವ ಕಡೆ ಸುರಿಯೋಣವೆಂದು ಒಂದು ಮಧ್ಯಾಹ್ನ ಮೇಷ್ಟ್ರೇ ಗಾಡಿ ಮಾಡಿಕೊಂಡು ಹೋದರು. ಅಲ್ಲಿ ಕುರಿ ಬಿಟ್ಟುಕೊಂಡಿದ್ದ ದುರುಗಕ್ಕ ಕೋಲೂರಿ ಎದ್ದು ನಿಂತಳು. ಅವಳ ಮಗ ಇವರ ಕೈಕೆಳಗೆ ಎರಡು ಸಲ ಫೇಲಾದವನು. “ನಮ್ಮ ಹುಡುಗಗೆ ನೀವು ಕಲಿಸಿದ್ದು ಇದೇನಾ ಮೇಷ್ಟ್ರೇ? ಇಳಿಸ್ರಿ, ಇಳಿಸ್ರಿ. ನಿಮ್ಮ ಮನೆ ಕಸ ಮೇದು ನಮ್ಮ ಕುರಿ ದಪ್ಪ ಆಗಲಿ,” ಎಂದಳು. ಕೂಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಆಕೆ ಮೆತ್ತಗೆ, ಕನಿಕರದಿಂದ ಹೇಳಿದ್ದಳು. ಗಾಡಿ ತಿರುಗಿಸಿಕೊಂಡು ಬಂದರು. ಕ್ಲಾಸಿನಲ್ಲಿ ಅವಳ ಮಗನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು, ಅವನು ಅಳದೆ ಕಿಟಕಿಯ ಹೊರಗೆ ನೋಡುತ್ತಿದ್ದದ್ದು, ಆ ಇಡೀ ದಿನ ಕಣ್ಣೆದುರು ಬರುತ್ತಿತ್ತು.

ಆದರೆ ನಿಜವಾಗಿ ಕೆಲಸ ನಿಂತದ್ದು ಶೀಟಿನಿಂದಲ್ಲ, ಶೀಟಿನ ಹಿಂದಿದ್ದ ಗೋಡೆಯಿಂದ. ಹೊದಿಕೆ ಬಿಚ್ಚಿದ ದಿನ ಗೋಡೆಯ ಆ ಮೈ ಕಂಡಿತು. ಅಲ್ಲಿ ಅತ್ತಿಗೆಯ ಅಡುಗೆಮನೆಯಿತ್ತು. ಒಲೆಯ ಮಸಿ ಹಾಗೇ ಇತ್ತು. ಅದರ ಮೇಲೆ ದೀಪದ ಗೂಡು, ಗೂಡಿನ ಬಾಯಿಗೆ ಎಣ್ಣೆಯ ಜಿಡ್ಡು, ಪಕ್ಕದಲ್ಲಿ ಮೂರು ಬೆರಳು ಎಳೆದ ವಿಭೂತಿಯ ಪಟ್ಟೆ. ಪ್ರತಿದಿನ ಪೂಜೆ ಮುಗಿಸಿ ಉಳಿದ ವಿಭೂತಿಯನ್ನು ಅಣ್ಣ ಗೋಡೆಗೆ ಒರೆಸುತ್ತಿದ್ದ. ಒಂದರ ಮೇಲೊಂದು ಬಿದ್ದು ಅದು ಗಟ್ಟಿಯಾಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಇಷ್ಟು ವರ್ಷ ತಾನು ಮಲಗುತ್ತಿದ್ದ ಮಂಚದ ತಲೆಗೆ ಸರಿಯಾಗಿ, ಒಂದು ಮೊಳ ಮಣ್ಣಿನಾಚೆ, ಅದು ಇತ್ತು. ಮೇಸ್ತ್ರಿ ಬೀರಲಿಂಗಪ್ಪ ಹಾರೆಯನ್ನು ನೆಲಕ್ಕೂರಿ ನಿಂತ. ಎತ್ತಲಿಲ್ಲ.

“ಇದು ಜೋಡಿ ಗೋಡೆ ಸಾರ್,” ಎಂದ. “ಆ ಕಡೇರ ಕೈ ಬೀಳ್ದೆ ನಾನು ಹಾರೆ ಹಾಕಂಗಿಲ್ಲ.”

ಆ ಸೀಮೆಯ ಗಾರೆಯವರಲ್ಲಿ ಅದು ನಡೆದುಬಂದ ರೀತಿ. ಎರಡು ಮನೆಗೆ ಹೆಗಲು ಕೊಟ್ಟ ಗೋಡೆಯನ್ನು ಒಡೆಯುವಾಗ ಎರಡೂ ಮನೆಯವರು ಬಂದು ಅದರ ಮೈಮೇಲೆ ಅಂಗೈ ಊರಬೇಕು, ಆಮೇಲೆ ಹಾರೆ. ಇಲ್ಲದಿದ್ದರೆ ಕಟ್ಟಿದ್ದು ನಿಲ್ಲುವುದಿಲ್ಲ. ನಿಂತರೂ ಒಳಗಿದ್ದವರು ನಿಲ್ಲುವುದಿಲ್ಲ. ಮೇಷ್ಟ್ರು ಅವನಿಗೆ ಬುದ್ಧಿ ಹೇಳಿದರು. ಬುದ್ಧಿ ಹೇಳಿ ಅಭ್ಯಾಸವಿದ್ದದ್ದರಿಂದ ಚೆನ್ನಾಗಿಯೇ ಹೇಳಿದರು. ಅವನು ತಲೆಯಾಡಿಸುತ್ತ ಕೇಳಿ, ಬೀಡಿ ಹಚ್ಚಿ, ಅಡಿಪಾಯದ ಬೇರೆ ಮೂಲೆಗೆ ಹೋಗಿ ಕೂತ. ಸಿಟ್ಟು ಬಂದು ತಾವೇ ಹಾರೆ ಎತ್ತಿದರು. ಆ ಮೂರು ಬೆರಳಿನ ಪಟ್ಟೆ ಕಣ್ಣಿಗೆ ನೇರ ಇತ್ತು. ಹಾರೆ ಭಾರವೆಂದು ತಮಗೆ ತಾವೇ ಹೇಳಿಕೊಂಡು ಇಳಿಸಿದರು; ಮೇಸ್ತ್ರಿ ಆ ಕಡೆ ಮುಖ ಮಾಡಿ ಕೂತದ್ದು ಮರ್ಯಾದೆಗೋ, ನಗು ಮುಚ್ಚಲಿಕ್ಕೋ ತಿಳಿಯಲಿಲ್ಲ.

ಅತ್ತಿಗೆ ಸರ್ವಮಂಗಳಮ್ಮ ಈಗ ಜಗಳೂರಿನ ಅಂಚಿನಲ್ಲಿ, ತವರಿನವರು ಬಿಟ್ಟುಕೊಟ್ಟ ಎರಡು ಕೋಣೆಯಲ್ಲಿದ್ದಾರೆ. ಹೋಗಿ ಕೇಳಿಕೊಂಡು ಬನ್ನಿ ಎಂದು ಶಿವಲೀಲಾಳೇ ಹೇಳಿದ್ದು. ಮೇಸ್ತ್ರಿಯ ಮಾತಿಗೆ ಅವಳು ಗಂಡನಿಗಿಂತ ಹೆಚ್ಚು ಹೆದರಿದ್ದಳು. ಬರಿಗೈಯಲ್ಲಿ ಹೋಗಬಾರದು ಎಂದಳು. ಬಾಳೆಹಣ್ಣು, ಖಾರದ ತಿಂಡಿ, ಒಂದು ಸೀರೆ ಎಂದು ಎಣಿಸುತ್ತಿದ್ದವಳು, ಅಂಗಳದಲ್ಲಿ ಬಿದ್ದಿದ್ದ ಶೀಟಿನ ರಾಶಿಯ ಕಡೆ ನೋಡಿ ಎಣಿಕೆ ನಿಲ್ಲಿಸಿದಳು. ಅವಳ ಕಣ್ಣು ಎಲ್ಲಿ ನಿಂತಿತೆಂದು ಮೇಷ್ಟ್ರು ನೋಡಿದರು. ತಾವು ನೋಡಿದ್ದನ್ನು ಅವಳೂ ನೋಡಿದಳು. ಅದೇನು ಹೊಳೆದಿದೆ ಎಂದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಗೊತ್ತಾಯಿತು. ಮೊದಲು ಬಾಯಿಬಿಟ್ಟ ಪಾಪ ಮಾತ್ರ ಅವಳ ಪಾಲಿಗೆ ಬಂತು.

“ಅಲ್ಲಿ ಅಕ್ಕಾರಿಗೆ ಒಂದು ಚಪ್ಪರ ಇಲ್ಲಂತೆ ಕಣ್ರೀ. ಬಿಸ್ಲಿನ ಊರು ಅದು. ಎಷ್ಟಾದ್ರೂ ಭಾವನವರು ತಂದಿದ್ದು, ಅವರಿಗೇ ಸೇರಿದಂಗಾಗುತ್ತೆ.”

ನ್ಯಾಯವಾದ ಮಾತಿನಂತೆ ಕೇಳಿಸಿತು. ಶೀಟು ಹೋಗುತ್ತದೆ, ಕೊಟ್ಟಂತಾಗುತ್ತದೆ, ಅವರದು ಅವರಿಗೆ ಮುಟ್ಟುತ್ತದೆ. ಬರುವಾಗ ಗಾಡಿ ಖಾಲಿ ಬರುವುದೂ ಬೇಡ, ದಾವಣಗೆರೆಯ ಗೋಡೌನಿನಿಂದ ಟೈಲ್ಸು ತುಂಬಿಕೊಂಡು ಬರಬಹುದು. ಇಷ್ಟೊಂದು ಕೆಲಸ ಒಂದೇ ಸಲಕ್ಕೆ ಕೂಡಿಬಂದಾಗ ಅದರಲ್ಲಿ ದೇವರ ಕೈ ಇರುತ್ತದೆಂದು ನಂಬುವುದು ಸುಲಭ.

ದಾವಣಗೆರೆ ದಾಟಿ ಬಿಳಿಚೋಡಿನ ರಸ್ತೆ ಹಿಡಿದ ಮೇಲೆ ಹಸಿರು ತೆಳುವಾಗುತ್ತ ಬಂತು. ತೋಟ ಮುಗಿದು ಮೆಕ್ಕೆಜೋಳ, ಅದೂ ಮುಗಿದು ಕೆಂಪು ನೆಲ. ಗುಂಡಿಯೊಂದಕ್ಕೆ ಗಾಡಿ ಇಳಿದು ಎದ್ದಾಗ ಹಿಂದೆ ಏನೋ ಚಟ್ಟೆಂದು ಮುರಿಯಿತು. ಇಂಥದೇ ಸದ್ದು ಅಣ್ಣನ ಪಾಲು ನೆಲಸಮವಾದ ದಿನವೂ ಆಗಿತ್ತು. ಅಣ್ಣ ತೀರಿ ವರ್ಷವಾಗಿರಲಿಲ್ಲ. ಅತ್ತಿಗೆ ಮಗಳು ಸಂಧ್ಯಾರಾಣಿಯನ್ನು ಕರೆದುಕೊಂಡು ನಾಲ್ಕು ದಿನಕ್ಕೆಂದು ತವರಿಗೆ ಹೋಗಿದ್ದರು. ಬೀಗದ ಕೈಯನ್ನು ಇವರ ಕೈಗೇ ಕೊಟ್ಟಿದ್ದರು, ಸಂಜೆ ದೇವರಿಗೊಂದು ದೀಪ ಹಚ್ಚಪ್ಪ ಎಂದು. ಆ ಪಾಲಿನ ತೊಲೆ ಹುಳ ಹಿಡಿದದ್ದು ನಿಜ. ಬೀಳುವುದಿದ್ದದ್ದು ನಿಜ. ಬಿದ್ದರೆ ತಮ್ಮ ಪಾಲನ್ನೂ ಎಳೆಯುತ್ತದೆಂದು ನಾಲ್ಕು ಜನ ಹೇಳಿದ್ದೂ ನಿಜ. ಆ ನಾಲ್ಕು ಜನರನ್ನು ಒಬ್ಬೊಬ್ಬರಾಗಿ ಕರೆದು ಹೇಳಿಸಿದ್ದು ಯಾರೆಂಬುದನ್ನು ಮಾತ್ರ ಮೇಷ್ಟ್ರು ನೆನೆಯುವುದಿಲ್ಲ. ತೊಲೆಗೆ ಹಗ್ಗ ಕಟ್ಟಿ ಎಳೆದಾಗ ಚಟ್ಟೆಂದಿತು, ಆಮೇಲೆ ಧೂಳು. ಅತ್ತಿಗೆ ಬಂದಾಗ ಚೀಲ ಕೆಳಗಿಡಲಿಲ್ಲ. ಎಲ್ಲಿ ಇಡಬೇಕೆಂದು ನೋಡುತ್ತ ನಿಂತಿದ್ದರು. ಇವರು ಬಂದು, ಬೀಳುವ ಮೊದಲು ಬೀಳಿಸಿದೆ ಅತ್ತಿಗೆ, ಯಾರ ಮೇಲಾದರೂ ಬಿದ್ದಿದ್ದರೆ, ಎಂದು ಶುರುಮಾಡಿದ್ದರು. ಆಕೆ ಕೇಳಿದ್ದು ಒಂದೇ, ದೀಪ ಹಚ್ಚುತ್ತಿದ್ದೆಯಾ ಎಂದು. ಆಮೇಲೆ ಆ ಚೀಲ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ಹೋದರು. ಜಾಗ ಇವತ್ತಿಗೂ ಅವರದೇ. ಅಲ್ಲಿ ಮೇಷ್ಟ್ರ ಸ್ಕೂಟರ್ ನಿಲ್ಲುತ್ತದೆ, ಈಗ ಮರಳಿನ ರಾಶಿಯೂ ಇದೆ.

ಗಾಡಿ ನಿಂತಾಗ ಅತ್ತಿಗೆ ಮನೆಯ ಬದಿಯ ಗೋಡೆಗೆ ಕುಳ್ಳು ತಟ್ಟುತ್ತಿದ್ದರು. ಸಗಣಿಯ ಉಂಡೆ ಮಾಡಿ ಗೋಡೆಗೆ ಎಸೆದು ಅಂಗೈಯಿಂದ ಒತ್ತುವುದು. ಒಂದೊಂದರ ಮೇಲೂ ಐದು ಬೆರಳು ಎದ್ದು ಕಾಣುತ್ತಿತ್ತು. ಗೋಡೆಯ ತುಂಬ ಕೈಗಳು. ಆಕೆ ಮುಖ ತಿರುಗಿಸಿ, ಗುರುತು ಹಿಡಿದು, ಬಾಪ್ಪ ಎಂದರು. ನಿನ್ನೆ ಹೋಗಿ ಇವತ್ತು ಬಂದವನನ್ನು ಕರೆದ ಹಾಗೆ. ಕೈ ಸಗಣಿಯಾಗಿದೆ, ನೀನೇ ಕೊಡದಿಂದ ನೀರು ತಗಂಡು ಕಾಲು ತೊಳಕೋ ಎಂದರು. ಜಗಲಿಯ ಮೇಲೆ ಬಾಣಂತನಕ್ಕೆ ಬಂದ ಸಂಧ್ಯಾರಾಣಿ ಕೂತಿದ್ದಳು. ಚಿಕ್ಕಪ್ಪನನ್ನು ನೋಡಿ ಎದ್ದಳು, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಅದನ್ನೇ ಮೇಷ್ಟ್ರು ಒಂದು ಉಪಕಾರವೆಂದು ಎಣಿಸಿದರು.

ಓಂಕಾರ್ ಹಗ್ಗ ಬಿಚ್ಚಿದ. ಅತ್ತಿಗೆ ಹತ್ತಿರ ಬಂದು ಮೇಲಿನ ಶೀಟನ್ನು ಸಗಣಿ ತಾಗದಂತೆ ಮೊಣಕೈಯಿಂದ ಸರಿಸಿ ನೋಡಿದರು. ಒಂದು ಮೂಲೆಯಲ್ಲಿ ಟಾರು ಹಚ್ಚಿ ತೂತು ಮುಚ್ಚಿದ್ದ ಗುರುತಿತ್ತು. “ಇದು ಹಿತ್ತಿಲಿಂದು,” ಎಂದರು. ದನಿಯಲ್ಲಿ ಏನೂ ಇರಲಿಲ್ಲ. “ಟಾರು ಹಚ್ಚಾಕೆ ಹೋಗಿ ನಿಮ್ಮಣ್ಣ ಪಂಚೆಗೆಲ್ಲ ಮೆತ್ಕೊಂಡಿದ್ದ. ಸೀಮೆಎಣ್ಣೇಲಿ ತೊಳೆದ್ರೂ ಹೋಗಿರಲಿಲ್ಲ.”

ಮೇಷ್ಟ್ರು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು, ನಿಮಗೆ ಅನುಕೂಲವಾಗಲೆಂದು ತಂದೆ ಎಂಬುದು, ಇನ್ನು ಆಡುವಂತಿರಲಿಲ್ಲ. ಓಂಕಾರ್ ಒಂದೊಂದಾಗಿ ಎಳೆದು ಇಳಿಸತೊಡಗಿದ. ದಾರಿಯಲ್ಲಿ ಮುರಿದದ್ದು ಎರಡಾಗಿ ಜಾರಿ ಬಿತ್ತು. ಮುರಿದ ಅಂಚಿನಿಂದ ಬೂದಿಯಂಥ ಪುಡಿ ಎದ್ದು ಬಿಸಿಲಿನಲ್ಲಿ ಹೊಳೆಯುತ್ತ ಜಗಲಿಯ ಕಡೆ ತೇಲಿತು. ಮೇಷ್ಟ್ರ ಕೈ ಜೇಬಿನಲ್ಲಿದ್ದ ಕರ್ಚೀಫಿನ ಮೇಲೆ ಹೋಯಿತು. ತೆಗೆದು ಮೂಗಿಗೆ ಹಿಡಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಕೇಳಿದರೆ ಹೇಳಬೇಕಾಗುತ್ತದೆ. ಹೇಳಿದರೆ ಶೀಟು ಮತ್ತೆ ಗಾಡಿ ಹತ್ತುತ್ತದೆ, ಗೋಡೆಯ ಮಾತು ಬಾಯಿಂದ ಹೊರಡುವ ಮೊದಲೇ ಮುಗಿಯುತ್ತದೆ. ಕೈಯನ್ನು ಜೇಬಿನಲ್ಲೇ ಬಿಟ್ಟರು. ಆ ಪುಡಿಯನ್ನು ತಾವೂ ಎದೆತುಂಬ ಎಳೆದುಕೊಂಡರು, ಬೇಕೆಂದೇ ಎಂಬಂತೆ. ತಗೋ, ನನಗೂ ಆಗಲಿ ಎಂದುಕೊಂಡಾಗ ಮನಸ್ಸು ಒಂದು ಗಳಿಗೆ ಹಗುರಾಯಿತು. ಮರುಗಳಿಗೆಯಲ್ಲಿ ಆ ಹಗುರಕ್ಕೆ ಹೇಸಿಗೆ ಬಂತು. ಗುಡಿಯ ಹುಂಡಿಗೆ ಚಿಲ್ಲರೆ ಹಾಕಿ ಒಳಗಿನ ದೇವರೊಂದಿಗೆ ವ್ಯಾಪಾರಕ್ಕೆ ನಿಂತವನ ಹಾಗೆ. ಅತ್ತಿಗೆ ಅಷ್ಟರಲ್ಲಿ ಒಂದು ಪೊರಕೆ ಹಿಡಿದು, ಬಗ್ಗಿ, ಆ ಪುಡಿಯನ್ನು ಒಟ್ಟುಮಾಡಿ ಗುಡಿಸುತ್ತಿದ್ದರು. ಮುಖ ಅದರ ಮೇಲೇ ಇತ್ತು.

“ಅತ್ತಿಗೆ, ಈ ಶೀಟು…” ಎಂದರು ಮೇಷ್ಟ್ರು. “ಬಾಳ ಹಳೇವು.”

“ಹಳೇವೇ,” ಎಂದರು ಆಕೆ. “ನನಗೆ ಗೊತ್ತಿಲ್ವಾ? ಇರಲಿ. ಇಲ್ಲಿ ಬಿಸ್ಲು ಕೆಟ್ಟದು. ಮಗೂಗೆ ಹೊರಗೊಂದು ತೊಟ್ಟಿಲು ಕಟ್ಟಾಕೆ ನೆಳ್ಳಿರಲಿಲ್ಲ. ಒಳಗೆ ಬೇಯ್ತೈತೆ.”

ಇನ್ನೊಂದು ವಾಕ್ಯ ಸಾಕಾಗಿತ್ತು. ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದ ವಾಕ್ಯ. ಮಕ್ಕಳು ರಾಗವಾಗಿ ತಿರುಗಿ ಹೇಳುತ್ತಿದ್ದ ವಾಕ್ಯ. ಮೇಷ್ಟ್ರು ಅದನ್ನು ನಾಲಿಗೆಯ ಮೇಲೆ ತಂದು, ಅಲ್ಲಿ ಅದರ ರುಚಿ ನೋಡಿ, ಬಾಳೆಹಣ್ಣಿನ ಚೀಲವನ್ನು ಜಗಲಿಯ ಮೇಲಿಟ್ಟರು. ಶಿವಲೀಲಾ ಕಳಿಸಿದ್ದಾಳೆ ಎಂದರು.

ಶೀಟೆಲ್ಲ ಇಳಿದ ಮೇಲೆ ಅತ್ತಿಗೆ ಪೊರಕೆ ಮೂಲೆಗಿಟ್ಟು ಬಂದರು. “ಈಗ ಬಂದ ಕೆಲಸ ಹೇಳು ಕೊಟ್ರೇಶ. ಶೀಟು ಕೊಡಾಕೆ ಇಷ್ಟು ದೂರ ಯಾರೂ ಬರಲ್ಲ.”

ಮೇಷ್ಟ್ರು ಹೇಳಿದರು. ಹೇಳುವಾಗ ಮೇಸ್ತ್ರಿಯನ್ನು ಸ್ವಲ್ಪ ಹೀಗಳೆದರು, ಇಂಥ ಮೂಢರನ್ನು ಕಟ್ಟಿಕೊಂಡು ಏಗಬೇಕು ಎಂಬಂತೆ. ಹಾಳೆ, ಸಹಿ ಏನೂ ಬೇಡ, ಬಂದು ಒಂದು ಕೈ ಊರಿ ಹೋದರೆ ಸಾಕು, ಇದೇ ಗಾಡಿಯಲ್ಲಿ ಕರೆದುಕೊಂಡು ಹೋಗಿ ನಾಳೆ ಬಸ್ ಹತ್ತಿಸುತ್ತೇನೆ, ಹೊಸ ಮನೆ ಹೊಗುವ ದಿನವೂ ನೀವು ಮುಂದೆ ನಿಲ್ಲಬೇಕು ಎಂದೆಲ್ಲ ಹೇಳಿದರು. ಆಕೆ ಬೆರಳ ಸಂದಿಯಲ್ಲಿ ಒಣಗುತ್ತಿದ್ದ ಸಗಣಿಯನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು.

“ಹೊಸ ಗೋಡೇಲಿ ನಮ್ಮ ಕಡೆಗೆ ಕಿಟಕಿ ಇಡ್ತೀಯಾ?”

ನಕ್ಷೆಯಲ್ಲಿ ಎರಡು ದೊಡ್ಡ ಕಿಟಕಿಯಿದ್ದವು. ಶಿವಲೀಲಾಳಿಗೆ ಪಡುವಣದ ಗಾಳಿ ಬೇಕು. “ಗಾಳಿಗೆ ಅಂತ ಒಂದು ಸಣ್ಣದು ಅತ್ತಿಗೆ.”

“ಹೂಂ. ಗಾಳಿ ಬರ್ತೈತೆ ಬಿಡು, ಅಲ್ಲೇನು ಮನೆ ಐತಾ ತಡ್ಯಾಕೆ,” ಎಂದು ಆಕೆ ನಕ್ಕರು. ಮೂದಲಿಕೆಯಾಗಿದ್ದರೆ ತಲೆ ತಗ್ಗಿಸಬಹುದಿತ್ತು. ಆಕೆಗೆ ನಿಜವಾಗಿ ನಗು ಬಂದಂತೆ ಕಂಡಿತು. ಆಮೇಲೆ ನಗು ತಾನಾಗಿ ನಿಂತಿತು. “ನಾನು ಬರಲ್ಲ ಕೊಟ್ರೇಶ. ಬಂದ್ರೆ ಆ ಗೂಡು ನೋಡಬೇಕು. ನಿನಗೆ ಬೇಕಾಗಿರೋದು ಕೈ ತಾನೆ? ತಗಂಡು ಹೋಗು.”

ಆಕೆ ಸಗಣಿಯ ಬುಟ್ಟಿಯ ಹತ್ತಿರ ಹೋಗಿ, ಬಗ್ಗಿ, ಬಲಗೈಯನ್ನು ಮಣಿಕಟ್ಟಿನವರೆಗೆ ಅದ್ದಿ ತೆಗೆದರು. ಇಳಿಸಿದ ಶೀಟುಗಳಲ್ಲಿ ಟಾರು ಹಚ್ಚಿದ್ದನ್ನೇ ಹುಡುಕಿ, ಅದರ ನಡುಮಧ್ಯಕ್ಕೆ, ಕುಳ್ಳು ತಟ್ಟುವಂತೆಯೇ, ಪಟ್ಟೆಂದು ಅಂಗೈ ಹಾಕಿದರು. ಒತ್ತಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತರು, ಶೀಟಿನೊಳಗೆ ಏನೋ ಮಿಡಿಯುತ್ತಿದೆಯೇ ಎಂದು ನೋಡುವವರಂತೆ. ತೆಗೆದಾಗ ಐದು ಬೆರಳೂ ಸ್ಪಷ್ಟ ಮೂಡಿತ್ತು. ಸಗಣಿಯಿಂದ ನೆಲ ಸಾರಿಸಿ ದೇವರು ಕೂರಿಸುತ್ತಾರೆ. ಸಗಣಿಯನ್ನೇ ಮುಖಕ್ಕೂ ಎರಚುತ್ತಾರೆ. ಯಾವುದು ಇದು ಎಂದು ಮೇಷ್ಟ್ರು ಆಕೆಯ ಮುಖ ನೋಡಿದರು. ಆಕೆ ಕೈ ತೊಳೆಯುತ್ತಿದ್ದರು.

“ಇದನ್ನ ಆ ಗೋಡೆಗೆ ಆನಿಸಿ ನಿಲ್ಲಿಸು. ಮೇಸ್ತ್ರಿಗೆ ಹೇಳು, ಸರ್ವಮಂಗಳಮ್ಮ ಕೈ ಹಾಕಿದಾಳೆ, ಒಡೀರಿ ಅಂತ. ಉಳಿದವು ಇಲ್ಲಿರಲಿ.”

ಊಟ ಮಾಡಿಕೊಂಡು ಹೋಗು ಎಂದರು. ರೊಟ್ಟಿ ಆಗಲೇ ತಟ್ಟಿಟ್ಟಿದ್ದರು. ಟೈಲ್ಸು ತುಂಬುವುದಿದೆ, ಗೋಡೌನು ಮುಚ್ಚುತ್ತದೆ ಎಂದು ಮೇಷ್ಟ್ರು ಹೊರಟರು. ಗಾಡಿ ತಿರುಗುವಾಗ ಸಂಧ್ಯಾರಾಣಿ ಹೊರಗೆ ಬಂದು, ಒಂದು ಶೀಟನ್ನು ಗೋಡೆಗೆ ಓರೆಯಾಗಿ ಆನಿಸಿ, ಅದರ ಅಡಿಯಲ್ಲಿ ಬಿದ್ದ ನೆರಳನ್ನು ಅಂಗೈಯಿಂದ ಮುಟ್ಟಿ ನೋಡುತ್ತಿದ್ದಳು.

ಗೋಡೌನಿನಲ್ಲಿ ಹಮಾಲರು ಟೈಲ್ಸಿನ ಪೆಟ್ಟಿಗೆ ಜೋಡಿಸುತ್ತ, ಈ ಸಗಣಿ ಶೀಟು ಇಲ್ಲೇ ಮೋರಿಗೆ ಹಾಕ್ಲಾ ಸಾರ್ ಎಂದು ಕೇಳಿದರು. ಬೇಡ, ಮೇಲಿಡಿ ಎಂದರು. ಹೊಳೆಯುವ ಹೊಸ ಪೆಟ್ಟಿಗೆಗಳ ಮೇಲೆ ಆ ಕೈ ಆಕಾಶಕ್ಕೆ ಮುಖ ಮಾಡಿ ಮಲಗಿತು. ಓಂಕಾರ್ ದಾರಿಯಲ್ಲಿ ಏನೂ ತಮಾಷೆ ಮಾಡಲಿಲ್ಲ. ಜಗಲಿಯ ಮೇಲಿನ ಮಗುವನ್ನು ಅವನೂ ನೋಡಿದ್ದ; ಆದರೆ ಶೀಟಿನೊಳಗೆ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆ ಇಬ್ಬರಲ್ಲಿ ಗೊತ್ತಿದ್ದವರು ಒಬ್ಬರೇ. ಗಾಡಿಯಲ್ಲಿ ಅವನ ಪಕ್ಕ ಕರ್ಚೀಫು ಮೂಗಿಗೊತ್ತಿಕೊಂಡು ಕೂತಿದ್ದರು.

ಮರುದಿನ ಬೀರಲಿಂಗಪ್ಪ ಕೈ ನೋಡಿದವನೇ ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ. ಶೀಟನ್ನು ಗೂಡಿನ ಕೆಳಗೆ, ಅಂಗೈ ಗೋಡೆಗೆ ತಾಗುವಂತೆ ಆನಿಸಿದ. ಮೇಷ್ಟ್ರಿಗೆ ಈ ಕಡೆಯಿಂದ ಕೈ ಊರಲು ಹೇಳಿದ. ಊರಿದರು, ಮಣ್ಣು ತಣ್ಣಗಿತ್ತು. ಹಾರೆ ಬಿತ್ತು. ಇಷ್ಟು ವರ್ಷ ನಿಂತದ್ದು ಊಟದ ಹೊತ್ತಿಗೆ ಮಣ್ಣಿನ ಗುಡ್ಡೆಯಾಯಿತು, ವಿಭೂತಿಯ ಹಕ್ಕಳೆ ಯಾವುದು ಮಣ್ಣು ಯಾವುದು ಎಂದು ತಿಳಿಯದ ಹಾಗೆ. ಆಮೇಲೆ ಓಂಕಾರ್ ಆ ಮಣ್ಣನ್ನೂ ಹೊತ್ತುಕೊಂಡು ಹೋದ. ಶೀಟು ಮಾತ್ರ ಉಳಿಯಿತು. ಕೈ ಬಿದ್ದದ್ದನ್ನು ಎಸೆಯುವಂತಿಲ್ಲ, ಮನೆ ಇರುವವರೆಗೂ ಇರಬೇಕು ಎಂದು ಮೇಸ್ತ್ರಿ ಹೇಳಿಬಿಟ್ಟ. ಶಿವಲೀಲಾ ಅದನ್ನು ಹೊಸ ಕಿಟಕಿಯ ಕೆಳಗೆ, ಹೊರಗಡೆ, ಮುಖ ಆಚೆ ಮಾಡಿ ನಿಲ್ಲಿಸಿದಳು. ಸಗಣಿ ಒಣಗಿ ಉದುರಿತು; ಬೆರಳಿನ ಕಲೆ ಶೀಟಿಗಿಳಿದು ಉಳಿಯಿತು. ಪಡುವಣದ ಗಾಳಿ ಅದರ ಮೇಲೆ ಹಾಯ್ದೇ ಒಳಗೆ ಬರುತ್ತದೆ. ಕಿಟಕಿ ಮುಚ್ಚಿದರೆ ಸೆಕೆ ಎಂದು ಅವಳು ತೆಗೆಯುತ್ತಾಳೆ, ಅವಳು ಅತ್ತ ಹೋದ ಮೇಲೆ ಮೇಷ್ಟ್ರು ಮುಚ್ಚುತ್ತಾರೆ.

ಗೃಹಪ್ರವೇಶದ ಮಾರನೆಯ ಮಧ್ಯಾಹ್ನ, ಹೊಸ ಟೈಲ್ಸಿನ ಮೇಲೆ ಚಾಪೆ ಹಾಕಿ ಅಡ್ಡಾಗಿದ್ದಾಗ ಶಿವಲೀಲಾ ಭುಜ ಹಿಡಿದು ಅಲುಗಿಸಿದಳು. ಏನ್ರೀ ಇದು, ಹಲ್ಲು ಕಡೀತೀರಿ, ಅಡುಗೆಮನೆಗೆ ಕೇಳ್ತೈತೆ ಎಂದಳು. ಅವಳ ಇನ್ನೊಂದು ಕೈಯಲ್ಲಿ ಫೋನಿತ್ತು. ಜಗಳೂರಿನಿಂದ.

ಅತ್ತಿಗೆ ಮನೆ ಹೊಕ್ಕಿದ್ದು ಚೆನ್ನಾಗಾಯಿತಾ ಎಂದು ಕೇಳಿದರು. ಚಪ್ಪರ ಹಾಕಿಸಿದ್ದಾಯಿತು ಎಂದರು. ಶೀಟು ಸಾಲದೆ ಬಂದದ್ದಕ್ಕೆ ಹುಡುಗರು ಕೆಲವನ್ನು ಗರಗಸದಲ್ಲಿ ಕೊಯ್ದು ಹೊಂದಿಸಿದರು ಎಂದರು. “ಮಗು ಅದರ ಕೆಳಗೆ ಎಷ್ಟು ಚೆನ್ನಾಗಿ ಮಲಗ್ತೈತೆ ಅಂತೀಯ. ಚಿಕ್ಕಜ್ಜ ಕೊಟ್ಟ ನೆಳ್ಳು ಅಂತ ಹೇಳ್ಕಂಡೇ ತೂಗ್ತೀನಿ.”

ಆಚೆಯಿಂದ ತೊಟ್ಟಿಲಿನ ಹಗ್ಗ ಜೀಕುವ ಸದ್ದು ಕೇಳುತ್ತಿತ್ತು. ಮೇಷ್ಟ್ರು ದವಡೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡರು.

“ಒಳ್ಳೇದಾತು ಅತ್ತಿಗೆ,” ಎಂದರು.